ಎಪ್ಪತ್ತೆರಡು ಹಳ್ಳಿಗಳ ಸ್ವರಾಜ್ಯ

1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಅದಾಗಿ ವರ್ಷ ತುಂಬುವ ಹೊತ್ತಿಗೆ, 1939ರ ಏಪ್ರಿಲ್‌ನಲ್ಲಿ, ರಾಮದುರ್ಗ ಸಂಸ್ಥಾನದಲ್ಲಿ ಜನ ರೊಚ್ಚಿಗೆದ್ದು ಜೈಲಿಗೆ ನುಗ್ಗಿದರು. ಪೊಲೀಸರು ಸತ್ತರು, ಆಮೇಲೆ ಹಲವರು ಗಲ್ಲಿಗೇರಿದರು. ಇವೆರಡರ ನಡುವೆ, ಮಾರ್ಚ್‌ನಲ್ಲಿ, ಕಾಠಿಯಾವಾಡದ ರಾಜಕೋಟೆಯಲ್ಲಿ ಗಾಂಧಿ ಉಪವಾಸ ಕೂತಿದ್ದರು. ಮೂರೂ ಕಡೆ ಕೂಗು ಒಂದೇ: ಸಂಸ್ಥಾನಗಳಲ್ಲಿ ಜವಾಬ್ದಾರಿ ಸರ್ಕಾರ ಬರಬೇಕು, ರಾಜರ ಮರ್ಜಿಯ ಆಳ್ವಿಕೆ ಮುಗಿಯಬೇಕು.

ಅದೇ ಅವಧಿಯಲ್ಲಿ ಸಾತಾರಾ ಸೀಮೆಯ ಒಬ್ಬ ಸಂಸ್ಥಾನಿಕರು ತಮಗೆ ಎಪ್ಪತ್ತು ತುಂಬಿದ ಸಂದರ್ಭದಲ್ಲಿ, 1938ರ ನವೆಂಬರ್‌ನಲ್ಲಿ, ಇನ್ನು ಮುಂದೆ ಆಳುವವರು ಪ್ರಜೆಗಳೇ ಎಂದು ಸಾರಿದರು. ಗೋಲಿಬಾರ್ ಆಗಲಿಲ್ಲ, ಯಾರೂ ಉಪವಾಸ ಕೂರಲಿಲ್ಲ. ಎರಡು ತಿಂಗಳೊಳಗೆ, 1939ರ ಜನವರಿಯಲ್ಲಿ, ಹೊಸ ಸಂವಿಧಾನವೂ ಜಾರಿಗೆ ಬಂತು. ಔಂಧ್ ಎಂಬ ಆ ಸಂಸ್ಥಾನದ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲ. ಅದರ ಒಂದು ತುಂಡು ಇವತ್ತು ಕರ್ನಾಟಕದಲ್ಲೇ ಇದ್ದರೂ.

ಔಂಧ್‌ಗೆ ಇದ್ದದ್ದು ಎಪ್ಪತ್ತೆರಡು ಹಳ್ಳಿ, ಸುಮಾರು 500 ಚದರ ಮೈಲಿ ನೆಲ, 1941ರ ಜನಗಣತಿಯಂತೆ 88 ಸಾವಿರ ಚಿಲ್ಲರೆ ಜನ. ಆ ನೆಲವೂ ಒಂದೇ ಕಡೆ ಇರಲಿಲ್ಲ. ರಾಜಧಾನಿ ಔಂಧ್ ಸಾತಾರೆಯ ಪೂರ್ವಕ್ಕೆ, ಅಟಪಾಡಿ ಅದಕ್ಕೂ ಆಚೆಯ ಬರದ ಬಯಲಲ್ಲಿ, ಕುಂಡಲ ದಕ್ಷಿಣದ ರೈಲು ಹಾದಿಯ ಬಳಿ, ಗುಣದಾಳವಂತೂ ವಿಜಯಪುರ ಜಿಲ್ಲೆಯ ಕನ್ನಡ ಹಳ್ಳಿಗಳ ನಡುವೆ. ಬ್ರಿಟಿಷ್ ಮುಲುಕಿನ ಮೇಲೆ ಅಲ್ಲೊಂದು ಇಲ್ಲೊಂದು ತೇಪೆ ಹಾಕಿದ ಕೌದಿಯಂತಿತ್ತು ಇದರ ನಕಾಶೆ. ತೋಪಿನ ಸಲಾಮಿ ಪಡೆಯುವ ಸಂಸ್ಥಾನಗಳ ಪಟ್ಟಿಯಲ್ಲೂ ಔಂಧ್‌ಗೆ ಜಾಗವಿರಲಿಲ್ಲ.

ಮನೆತನ ಮಾತ್ರ ಸಣ್ಣದಲ್ಲ. ಅವರನ್ನು ಪಂತ ಪ್ರತಿನಿಧಿ ಎನ್ನುತ್ತಿದ್ದರು. ಈ ಪ್ರತಿನಿಧಿ ಪದವಿಯ ಬೇರು ಹಿಡಿದು ಹೋದರೆ ನಮ್ಮ ಮಲೆನಾಡು ಎದುರಾಗುತ್ತದೆ. 1689ರಲ್ಲಿ ಸಂಭಾಜಿಯ ಕೊಲೆಯಾದ ಮೇಲೆ ಅವನ ತಮ್ಮ ರಾಜಾರಾಮ ಔರಂಗಜೇಬನ ಸೇನೆಯಿಂದ ತಪ್ಪಿಸಿಕೊಂಡು ತಮಿಳು ಸೀಮೆಯ ಜಿಂಜಿ ಕೋಟೆಯತ್ತ ಓಡಿದ. ದಾರಿಯಲ್ಲಿ ಅವನಿಗೆ ಆಶ್ರಯ ಕೊಟ್ಟು, ಅದಕ್ಕಾಗಿ ಮೊಗಲರ ದಂಡನ್ನೂ ಎದುರಿಸಿದವಳು ಕೆಳದಿಯ ಚೆನ್ನಮ್ಮ. ಜಿಂಜಿ ತಲುಪಿದ ರಾಜಾರಾಮ ತನ್ನ ಹೆಸರಿನಲ್ಲಿ ಆಳುವ ಅಧಿಕಾರವುಳ್ಳ ಹೊಸ ಪದವಿಯೊಂದನ್ನು ಹುಟ್ಟುಹಾಕಿದ. ಅದೇ ಪ್ರತಿನಿಧಿ ಪದವಿ. ಮೊದಲು ಅದು ಸಿಕ್ಕಿದ್ದು ಪ್ರಲ್ಹಾದ ನಿರಾಜಿಗೆ. ಮುಂದೆ ಪರಶುರಾಮ ತ್ರಿಂಬಕನ ಕೈಗೆ ಬಂದು ಆತನ ವಂಶದಲ್ಲೇ ಉಳಿಯಿತು. ದರ್ಬಾರಿನಲ್ಲಿ ಪೇಶ್ವೆಗಿಂತ ಮೇಲಿನ ಆಸನ ಅದು. ಪೇಶ್ವೆಗಳು ಬಲಿತಂತೆ ಆಸನ ಉಳಿದು ಅಧಿಕಾರ ಸೋರಿತು. 1806ರ ಹೊತ್ತಿಗೆ ಒಬ್ಬ ಪ್ರತಿನಿಧಿ ಪೇಶ್ವೆಯ ವಿರುದ್ಧವೇ ತಿರುಗಿಬಿದ್ದು, ಬಾಪು ಗೋಖಲೆಯ ಕೈಯಲ್ಲಿ ಸೋತು ಸೆರೆಯಾದ. ಅವನ ಒಲವಿನ ಹೆಣ್ಣು, ಎಣ್ಣೆ ಗಾಣದ ಮನೆತನದ ತಾಯಿ ತೇಲಿಣ, ವಾಸೋಟಾ ಕೋಟೆ ಸೇರಿ ತಿಂಗಳುಗಟ್ಟಲೆ ಗೋಖಲೆಯನ್ನು ತಡೆದು ನಿಲ್ಲಿಸಿದ್ದಳು. ಅವಳದ್ದೇ ಬೇರೆ ಲೇಖನವಾಗಬೇಕಾದ ಕಥೆ.

1818ರಲ್ಲಿ ಪೇಶ್ವೆ ಉರುಳಿದ. 1820ರಲ್ಲಿ ಕಂಪನಿ ಸರ್ಕಾರ ಪ್ರತಿನಿಧಿಯೊಡನೆ ಕರಾರು ಮಾಡಿಕೊಂಡು ಜಹಗೀರನ್ನು ಖಾಯಂ ಮಾಡಿತು. ಅಲ್ಲಿಂದ ಮುಂದೆ ತೊಂಬತ್ತು ವರ್ಷ ಇಂಥ ನೂರಾರು ಪುಟ್ಟ ಸಂಸ್ಥಾನಗಳ ಕಥೆಯೇ ಔಂಧ್‌ನದ್ದೂ: ದತ್ತಕದ ತಂಟೆ, ಕಾರಭಾರಿಗಳ ಕಾರುಬಾರು, ಮೇಲಿನ ಸಾಹೇಬರ ಮುಖ ನೋಡುವುದು. 1909ರಲ್ಲಿ ಆಗ ಆಳುತ್ತಿದ್ದವರನ್ನು ಬ್ರಿಟಿಷರೇ ಗಾದಿಯಿಂದ ಇಳಿಸಿ, ಅದೇ ಮನೆತನದ ಭವಾನರಾವ್ ಶ್ರೀನಿವಾಸರಾವ್ ಎಂಬ ನಲವತ್ತು ದಾಟಿದ ಪದವೀಧರನನ್ನು ಕೂರಿಸಿದರು. ಓದಿಕೊಂಡ, ಶಿಸ್ತಿನ, ಚಿತ್ರ ಬರೆಯುವ ಹುಚ್ಚಿನ ಮನುಷ್ಯ. ತೊಂದರೆ ಕೊಡುವ ಪೈಕಿ ಅಲ್ಲ ಎಂದು ಸಾಹೇಬರಿಗೆ ಅನ್ನಿಸಿದ್ದರೆ ಅವರನ್ನು ದೂರುವಂತಿಲ್ಲ.

ಬಾಳಾಸಾಹೇಬ ಎಂದು ಜನ ಕರೆಯುತ್ತಿದ್ದ ಈ ರಾಜರಿಗೆ ಗೀಳುಗಳು ಹಲವು. ಸೂರ್ಯನಮಸ್ಕಾರ ಎಲ್ಲಕ್ಕಿಂತ ದೊಡ್ಡದು. ತಾವು ಹಾಕಿ, ರಾಣಿಯವರಿಂದ, ಮಕ್ಕಳಿಂದ ಹಾಕಿಸಿ, ಸಂಸ್ಥಾನದ ಶಾಲೆಗಳಲ್ಲಿ ಕಡ್ಡಾಯ ಮಾಡಿ, ಪುಸ್ತಕವನ್ನೂ ಬರೆದರು. 1938ರಲ್ಲಿ ಅದು ಇಂಗ್ಲಿಷ್ ಓದುಗರಿಗಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಹಿಂದಿನ ವರ್ಷವಷ್ಟೇ ಬೆಂಗಳೂರಿನ ಕೆ.ವಿ. ಅಯ್ಯರ್ — ಹೌದು, 'ಶಾಂತಲಾ' ಬರೆದ ವ್ಯಾಯಾಮಶಾಲೆಯ ಅಯ್ಯರ್ — ಅದೇ ವಿಷಯದ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ತಂದಿದ್ದರು. ಇವತ್ತು ಜಗತ್ತಿನ ಯೋಗ ತರಗತಿಗಳಲ್ಲಿ ಬೆವರು ಸುರಿಸುವವರಲ್ಲಿ ಎಷ್ಟು ಜನಕ್ಕೆ ಇದರ ಹಿಂದೆ ಒಬ್ಬ ಸಣ್ಣ ಸಂಸ್ಥಾನಿಕರ ಹಟವಿತ್ತೆಂದು ಗೊತ್ತು?

ಇನ್ನೊಂದು ಗೀಳು ಮಹಾಭಾರತ. ಅದರ ಸಚಿತ್ರ ಆವೃತ್ತಿ ಆಗಬೇಕೆಂದು 1918ರಲ್ಲಿ ಪುಣೆಯ ಭಾಂಡಾರಕರ ಸಂಸ್ಥೆಯ ಮುಂದೆ ಮಾತೆತ್ತಿ ಲಕ್ಷ ರೂಪಾಯಿಯ ವಾಗ್ದಾನ ಮಾಡಿದವರು ಇವರೇ. ಪಂಡಿತರು ಆ ಆಸೆಯನ್ನು ಹಿಡಿದು ಎಳೆದರು. ಮರುವರ್ಷ ಶುರುವಾದ ಕೆಲಸ ಊರೂರಿನ ಹಸ್ತಪ್ರತಿಗಳನ್ನು ತಾಳೆ ನೋಡುವ ಸಂಶೋಧಿತ ಆವೃತ್ತಿಯಾಗಿ ಬೆಳೆದು ಮುಗಿದದ್ದು 1966ರಲ್ಲಿ. ರಾಜರು ಚಿತ್ರ ಕೇಳಿದ್ದರು, ದೇಶಕ್ಕೆ ಪಾಠ ಸಿಕ್ಕಿತು.

ಆದರೆ ನನ್ನ ಮಟ್ಟಿಗೆ ಔಂಧ್ ಮುಖ್ಯವಾಗುವುದು ರಾಜರ ಗೀಳುಗಳಿಂದ ಅಲ್ಲ, ಬೇರೆಲ್ಲೂ ಜಾಗ ಸಿಗದವರಿಗೆ ಅದು ಕೊಟ್ಟ ಜಾಗದಿಂದ. ರಾಜಾರಾಮನಿಗೆ ಕೆಳದಿ ಕೊಟ್ಟದ್ದನ್ನು ಔಂಧ್ ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಮತ್ತೆ ಕೊಟ್ಟಿತು.

ಮೊದಲು ಬಂದವರು ನಮ್ಮವರೇ. ಮಲಪ್ರಭೆಯ ದಡದ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂಬಯಿಯಲ್ಲಿ ಡ್ರಾಯಿಂಗ್ ಮಾಸ್ತರರಾಗಿ, ಬೆಳಗಾವಿಗೆ ಬಂದು ಅಣ್ಣ ರಾಮಣ್ಣನ ಜೊತೆ ಸೈಕಲ್ ಅಂಗಡಿ ಇಟ್ಟು, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ರಂಟೆ ಮಾಡತೊಡಗಿದ್ದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆಂದು ರೈತರು ಹತ್ತಿರ ಸೇರಿಸಲಿಲ್ಲ. ಮೊದಲ ಆರು ರಂಟೆ ಮಾರಲು ಎರಡು ವರ್ಷ ಹಿಡಿಯಿತು ಎಂಬುದು ಕಿರ್ಲೋಸ್ಕರ್ ಮನೆತನದಲ್ಲಿ ಹೇಳಿಕೊಂಡು ಬಂದ ಮಾತು. ಅಷ್ಟರಲ್ಲಿ ಊರು ಬೆಳೆಸುವ ಯೋಜನೆಗೆ ಜಾಗ ಬೇಕೆಂದು ಬೆಳಗಾವಿಯ ಪುರಸಭೆ ಕಾರ್ಖಾನೆ ತೆರವು ಮಾಡಿಸಿತು. ಆಗ ಲಕ್ಷ್ಮಣರಾಯರು ಔಂಧ್‌ನಲ್ಲಿ ಯಮಾಯಿ ದೇವಸ್ಥಾನದ ಸಭಾಮಂಟಪ ಕಟ್ಟುವ ಗುತ್ತಿಗೆ ಹಿಡಿದಿದ್ದರು. ಹಳೆಯ ಪರಿಚಯದ ಬಾಳಾಸಾಹೇಬರು ಕುಂಡಲ ರೋಡ್ ಸ್ಟೇಷನ್ ಪಕ್ಕದ 32 ಎಕರೆ ಬರಡು ನೆಲ ತೋರಿಸಿದರು, ಬಂಡವಾಳಕ್ಕೆ ಸಾಲವನ್ನೂ ಕೊಟ್ಟರು. ಪಾಪಾಸುಕಳ್ಳಿ, ಹಾವು, ಕಲ್ಲು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. 1910ರಲ್ಲಿ ಅಲ್ಲಿ ಎದ್ದದ್ದೇ ಕಿರ್ಲೋಸ್ಕರವಾಡಿ. ಶಿಕ್ಷೆ ಮುಗಿಸಿ ಬಂದ ಕೈದಿಗಳನ್ನು ಲಕ್ಷ್ಮಣರಾಯರು ಅಲ್ಲಿ ಕಾವಲಿಗೆ ಇಟ್ಟರು. ಈ ಸಂಗತಿ ಮುಂದೆ ಬೇರೆ ರೂಪದಲ್ಲಿ ಮತ್ತೆ ಬರಲಿದೆ. ಹರಿಹರದ ಮೈಸೂರು ಕಿರ್ಲೋಸ್ಕರ್, ಬೆಂಗಳೂರಿನ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಎಲ್ಲ ಆ ಕಳ್ಳಿ ಬಯಲಿನಿಂದ ಹೊರಟ ಕವಲುಗಳು. ಬೆಳಗಾವಿ ತನ್ನ ಕೈಯಾರೆ ಏನನ್ನು ಕಳಿಸಿಕೊಟ್ಟಿತು ಎಂದು ಲೆಕ್ಕ ಹಾಕುವವರು ಹಾಕಲಿ.

ಬಳಿಕ ಶ್ರೀಪಾದ ದಾಮೋದರ ಸಾತವಳೇಕರ್. ಸಾವಂತವಾಡಿ ಕಡೆಯ ಚಿತ್ರಕಾರ. ವೇದದ ಮಂತ್ರಗಳನ್ನು ಹಿಡಿದು ಬರೆದ ಲೇಖನವೇ ರಾಜದ್ರೋಹವೆಂದು ಬ್ರಿಟಿಷರ ಕಣ್ಣಿಗೆ ಬಿದ್ದು ಊರೂರು ಅಲೆದವರು. ಕೊನೆಗೆ ಔಂಧ್‌ನಲ್ಲಿ ನೆಲೆ ನಿಂತು ಸ್ವಾಧ್ಯಾಯ ಮಂಡಲ ಕಟ್ಟಿ, ವೇದಗಳನ್ನು ಸಾಮಾನ್ಯ ಓದುಗರ ಕೈಗೆಟಕುವ ಬೆಲೆಗೆ ಅಚ್ಚು ಹಾಕಿದರು.

ಎಲ್ಲರಿಗಿಂತ ವಿಚಿತ್ರವಾಗಿ ಬಂದು ಸೇರಿದವರು ಮೋರಿಸ್ ಫ್ರಿಡ್‌ಮನ್. ವಾರ್ಸಾದಲ್ಲಿ ಹುಟ್ಟಿದ ಯಹೂದಿ, ಎಲೆಕ್ಟ್ರಿಕಲ್ ಎಂಜಿನಿಯರ್. 1930ರ ದಶಕದ ನಡುವೆ ಮೈಸೂರು ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವರನ್ನು ಬೆಂಗಳೂರಿನ ಸರ್ಕಾರಿ ಎಲೆಕ್ಟ್ರಿಕ್ ಕಾರ್ಖಾನೆ ನಡೆಸಲು ಕರೆಸಿಕೊಂಡಿದ್ದರು. ಇಲ್ಲಿಗೆ ಬಂದವರು ಅರುಣಾಚಲದ ರಮಣರ ಹತ್ತಿರ ಓಡಾಡಿ, ಕಾಂಞಂಗಾಡಿನ ಸ್ವಾಮಿ ರಾಮದಾಸರಿಂದ ಸನ್ಯಾಸ ಪಡೆದು, ಭಾರತಾನಂದರಾಗಿ, ತಲೆ ಬೋಳಿಸಿ ಕಾವಿಯುಟ್ಟು ಕಾರ್ಖಾನೆಗೆ ಬರತೊಡಗಿದರು. ದಿವಾನರಿಗೆ ಇರಿಸುಮುರಿಸು. ರಾಜೀನಾಮೆಯ ಮಾತು ಬಂತು. ಕೊನೆಗೆ ದೊಡ್ಡ ಅತಿಥಿಗಳು ಬಂದ ದಿನ ಮಾತ್ರ ಸೂಟು ಹಾಕುವುದು, ಮಿಕ್ಕ ದಿನ ಕಾವಿ ಎಂದು ರಾಜಿಯಾಯಿತಂತೆ. ಬಾಳಾಸಾಹೇಬರ ಮಗ ಅಪ್ಪಾ ಪಂತ್ ಹೇಳುತ್ತಿದ್ದ ಕಥೆ ಇದು. ಆಕ್ಸ್‌ಫರ್ಡ್‌ನಲ್ಲಿ ಓದಿ ಬ್ಯಾರಿಸ್ಟರಾಗಿ ಬಂದ ಅಪ್ಪಾಗೆ ಬೆಂಗಳೂರಿನಲ್ಲಿ ಸಿಕ್ಕ ಈ ಕಾವಿಯ ಎಂಜಿನಿಯರ್ ಹಿಡಿಸಿಬಿಟ್ಟರು. ಹಳ್ಳಿಗಳನ್ನು ಮೇಲೆತ್ತಲು ಕೆಲವು ತಿಂಗಳು ನಮಗೆ ಕೊಡಿ ಎಂದು ಔಂಧ್‌ನವರು ಮೈಸೂರನ್ನು ಕೇಳಿ ಕರೆದೊಯ್ದರು.

ಹಳ್ಳಿ ಸುತ್ತಿದ ಫ್ರಿಡ್‌ಮನ್ ರಾಜರಿಗೆ ಹೇಳಿದ್ದು ಸರಳ ಮಾತು: ನೀವು ಎಲ್ಲ ಮಾಡಿಕೊಡುವ ತನಕ ಜನ ಕೈ ಕಟ್ಟಿ ಕೂತಿರುತ್ತಾರೆ, ಅಧಿಕಾರ ಬಿಡಿ. ರಾಜರು ಒಪ್ಪಿದರು. ಅಪ್ಪಾ ಮತ್ತು ಫ್ರಿಡ್‌ಮನ್ ಸೇವಾಗ್ರಾಮಕ್ಕೆ ಹೋಗಿ ಗಾಂಧಿಯ ಮುಂದೆ ಕೂತರು. ಸಂಸ್ಥಾನದ ಸಂವಿಧಾನದ ಕರಡಿಗೆ ಗಾಂಧಿಯೇ ಕೈ ಹಾಕಿದ್ದು ಇದೊಂದು ಸಲವೇ ಇರಬೇಕು.

ಅವರು ಕಟ್ಟಿದ್ದು ಬುಡದಿಂದ ಮೇಲಕ್ಕೆ ಏರುವ ಏಣಿ. ಪ್ರತಿ ಹಳ್ಳಿ ಐವರ ಪಂಚಾಯಿತಿಯನ್ನು ಆರಿಸಬೇಕು. ಪಂಚಾಯಿತಿಗಳ ಅಧ್ಯಕ್ಷರು ಸೇರಿದರೆ ತಾಲ್ಲೂಕು ಸಭೆ. ತಾಲ್ಲೂಕು ಸಭೆಗಳಿಂದ ಆರಿಸಿ ಬಂದವರು ಶಾಸನಸಭೆಗೆ. ಮಂತ್ರಿಗಳು ಆ ಸಭೆಗೆ ಉತ್ತರ ಹೇಳಬೇಕು. ಕಂದಾಯದ ದೊಡ್ಡ ಪಾಲು ಮೇಲಕ್ಕೆ ಹರಿಯದೆ ಕೆಳಗೇ ನಿಲ್ಲಬೇಕು. ವ್ಯಾಜ್ಯ ಬಂದರೆ ಜನ ಕೋರ್ಟಿಗೆ ಅಲೆಯುವ ಬದಲು ನ್ಯಾಯಾಧೀಶರೇ ಹಳ್ಳಿಗೆ ಬಂದು ಪಂಚರೊಡನೆ ಕೂತು, ವಕೀಲರಿಲ್ಲದೆ, ತೀರ್ಪು ಕೊಡಬೇಕು. ಎಲ್ಲರಿಗೂ ಗೊತ್ತಿರುವ ಬದು, ಎಲ್ಲರಿಗೂ ಗೊತ್ತಿರುವ ಸಾಲ, ಊರಿನ ಮುಂದೆ ಸುಳ್ಳು ಹೇಳುವುದು ಅಷ್ಟು ಸುಲಭವಲ್ಲ ಎಂಬುದು ಲೆಕ್ಕಾಚಾರ. ರಾಜರ ಖಾಸಗಿ ಖರ್ಚಿಗೂ ಮಿತಿ ಬಿತ್ತು. ರಾಜನಾದವನು ಪ್ರಜೆಗಳ ಮೊದಲ ಸೇವಕನಂತೆ ಬದುಕಿ ತೋರಿಸಬೇಕು ಎಂದು ಗಾಂಧಿ ಪಟ್ಟು ಹಿಡಿದಿದ್ದರು. 'ಹರಿಜನ' ಪತ್ರಿಕೆಯಲ್ಲಿ ಈ ಪ್ರಯೋಗದ ಬಗ್ಗೆ ಬರೆದರು ಕೂಡ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ಬರೀ ಹೊಗಳಿಕೆಯಾದೀತು. ರಾಜರು ಬಿಟ್ಟುಕೊಟ್ಟದ್ದು ಅವರ ಕೈಯಲ್ಲಿ ಉಳಿದಿದ್ದಷ್ಟನ್ನೇ. ಸೈನ್ಯ, ರೈಲು, ಅಂಚೆ, ನಾಣ್ಯ, ಹೊರಗಿನವರೊಡನೆ ವ್ಯವಹಾರ ಯಾವುದೂ ಅವರದ್ದಾಗಿರಲಿಲ್ಲ. ರೆಸಿಡೆಂಟ್ ಸಾಹೇಬ ಮನಸ್ಸು ಮಾಡಿದ್ದರೆ ಒಂದು ಕಾಗದದಲ್ಲಿ ಎಲ್ಲ ಮುಗಿಯುತ್ತಿತ್ತು. ಅವನು ಸುಮ್ಮನಿದ್ದುದಕ್ಕೆ ಔಂಧ್‌ನ ಚಿಕ್ಕತನವೂ ಕಾರಣ ಎಂದೇ ನನ್ನ ಅನಿಸಿಕೆ. ಮೈಸೂರಿನಲ್ಲೋ ಹೈದರಾಬಾದಿನಲ್ಲೋ ಹೀಗೆ ಮಾಡಲು ಹೊರಟಿದ್ದರೆ ದಿಲ್ಲಿಗೆ ನಿದ್ದೆ ಬರುತ್ತಿರಲಿಲ್ಲ. ಎಪ್ಪತ್ತೆರಡು ಹಳ್ಳಿಯ ರಾಜ ಏನು ಮಾಡಿಕೊಂಡರೆ ಏನಂತೆ ಎಂಬ ತಾತ್ಸಾರದ ನೆರಳಲ್ಲೇ ಈ ಸಸಿ ಚಿಗುರಿದ್ದು. ಸಣ್ಣ ಸಂಸ್ಥಾನಗಳು ಸಣ್ಣವಾಗಿಯೇ ಇರಲಿ ಎಂಬುದು ಬ್ರಿಟಿಷರ ಅನುಕೂಲ. ಆ ಸಣ್ಣತನ ತಮಗೇ ತಿರುಗುಬಾಣವಾದೀತೆಂದು ಅವರು ಎಣಿಸಿರಲಾರರು.

ಅದು ಆಗಿದ್ದು 1942ರ ಚಳವಳಿಯ ನಂತರ. ಸಾತಾರಾ ಜಿಲ್ಲೆಯಲ್ಲಿ ನಾನಾ ಪಾಟೀಲರ ನಾಯಕತ್ವದ ಪ್ರತಿ ಸರ್ಕಾರ ಬ್ರಿಟಿಷರ ಆಡಳಿತವನ್ನು ಪಕ್ಕಕ್ಕೆ ಸರಿಸಿ ತನ್ನದೇ ನ್ಯಾಯಮಂಡಲ, ತನ್ನದೇ ತೂಫಾನ್ ಸೇನೆ ನಡೆಸಿತು. ಅದರ ಮುಂದಾಳುಗಳಲ್ಲಿ ಒಬ್ಬರಾದ ಜಿ.ಡಿ. ಬಾಪು ಲಾಡ್ ಕುಂಡಲದವರು, ಅಂದರೆ ಔಂಧ್‌ನ ಪ್ರಜೆ. 1943ರ ಜೂನ್‌ನಲ್ಲಿ ಶೇಣೋಲಿಯ ಬಳಿ ಸರ್ಕಾರದ ಹಣ ಸಾಗಿಸುತ್ತಿದ್ದ ರೈಲನ್ನು ತಡೆದು ದೋಚಿದವರು ಈ ಕಡೆಯ ಹುಡುಗರೇ. ಬ್ರಿಟಿಷ್ ಪೊಲೀಸರು ಬೆನ್ನಟ್ಟಿದರೆ ಒಂದು ಹಳ್ಳದ ಆಚೆ ಔಂಧ್‌ನ ಗಡಿ. ಅಲ್ಲಿ ಅವರ ವಾರಂಟು ನೇರವಾಗಿ ನಡೆಯದು. ಕೌದಿಯ ತೇಪೆಗಳಂತೆ ಚದುರಿದ್ದ ಹಳ್ಳಿಗಳು ಭೂಗತರಿಗೆ ಅಡಗುತಾಣಗಳಾದವು. ರಾಜರೂ ಅಪ್ಪಾ ಪಂತರೂ ಕಂಡರೂ ಕಾಣದಂತಿದ್ದರು. ಹೇಗೂ ಹಳ್ಳಿಯ ಅಧಿಕಾರ ಪಂಚಾಯಿತಿಯದ್ದು, ನಾವೇನು ಮಾಡೋಣ ಎನ್ನುವ ಉತ್ತರ ಸಾಹೇಬರಿಗೆ ಕೊಡಲು ತಯಾರಿತ್ತು!

ಬಿಡುಗಡೆಯಾದ ಕೈದಿಗಳಿಗೆ ಕಿರ್ಲೋಸ್ಕರವಾಡಿಯಲ್ಲಿ ಕೆಲಸ ಸಿಕ್ಕಿತ್ತು. ಫ್ರಿಡ್‌ಮನ್ ಒಂದು ಹೆಜ್ಜೆ ಮುಂದೆ ಹೋಗಿ, ಶಿಕ್ಷೆ ಅನುಭವಿಸುತ್ತಿರುವಾಗಲೇ ಅವರನ್ನು ಗೋಡೆಯ ಹೊರಗೆ ತಂದರು. ಅಟಪಾಡಿಯ ಬಳಿ 1939ರಲ್ಲಿ ತೆರೆದ ಆ ಬಯಲು ಜೈಲಿಗೆ ಸ್ವತಂತ್ರಪುರ ಎಂದೇ ಹೆಸರು. ಕೊಲೆ ಮಾಡಿ ಬಂದವರು ಹೆಂಡತಿ ಮಕ್ಕಳೊಡನೆ ಅಲ್ಲಿದ್ದು, ಜಮೀನು ಗೆಯ್ದು, ಸಂತೆಗೆ ಹೋಗಿ ಮಾರಿ ಬರುತ್ತಿದ್ದರು. ಬೇಲಿ ಇಲ್ಲ, ಬೇಡಿ ಇಲ್ಲ. ಔಂಧ್‌ನಲ್ಲೇ ಓದಿದ, ಅಟಪಾಡಿ ಸೀಮೆಯ ಮಾಡಗುಳೆಯ ಕವಿ ಗ.ದಿ. ಮಾಡಗೂಳಕರರು ಇದನ್ನು ಸಿನಿಮಾ ಕಥೆಯಾಗಿಸಿದರು. ವಿ. ಶಾಂತಾರಾಮ್ ತೆಗೆದ ಆ ಚಿತ್ರ 1957ರ 'ದೋ ಆಂಖೇಂ ಬಾರಹ ಹಾಥ್'. ಬರ್ಲಿನ್ ಚಿತ್ರೋತ್ಸವದವರೆಗೂ ಹೋಗಿ ಪ್ರಶಸ್ತಿ ತಂದ ಚಿತ್ರ. ಅದರ ಪ್ರಾರ್ಥನಾ ಗೀತೆ ನಮ್ಮ ಎಷ್ಟೋ ಶಾಲೆಗಳಲ್ಲೂ ಮೊಳಗಿದೆ, ಹಾಡಿದ ಮಕ್ಕಳಿಗೆ ಔಂಧ್ ಗೊತ್ತಿಲ್ಲದೆಯೇ.

ಪ್ರಯೋಗ ನಡೆದದ್ದು ಒಂಬತ್ತೇ ವರ್ಷ. ಆ ಒಂಬತ್ತು ವರ್ಷಗಳಲ್ಲಿ ಬರ ಬಂತು, ಮಹಾಯುದ್ಧ ಬಂತು, ದವಸದ ಕೊರತೆ ಬಂತು. ಶಾಲೆ, ರಸ್ತೆ, ಬಾವಿಗಳ ಕೆಲಸಕ್ಕೆ ಹಳ್ಳಿಯವರು ತಾವೇ ಕೈ ಹಾಕಿದರು. ಅಷ್ಟರಿಂದ ಜಾತಿಯ ಬಿರುಕು ಮುಚ್ಚಲಿಲ್ಲ. 1948ರ ಜನವರಿ 30ರಂದು ಗಾಂಧಿಯ ಕೊಲೆಯಾಯಿತು. ಕೊಂದವನು ಮಹಾರಾಷ್ಟ್ರದ ಬ್ರಾಹ್ಮಣ ಎಂದು ತಿಳಿದದ್ದೇ ಸಾತಾರಾ, ಸಾಂಗಲಿ, ಕೊಲ್ಹಾಪುರ ಸೀಮೆಯಲ್ಲಿ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಬಿತ್ತು. ಬರಡು ನೆಲದಲ್ಲಿ ಸಾವಿರಾರು ಸಂಸಾರಗಳಿಗೆ ಅನ್ನ ಹುಟ್ಟಿಸಿದ್ದ ಕಿರ್ಲೋಸ್ಕರವಾಡಿಯ ಕಾರ್ಖಾನೆಯನ್ನೂ ಗುಂಪು ಸುಟ್ಟಿತು. ಗಾಂಧಿ ಕರಡು ತಿದ್ದಿಕೊಟ್ಟ ಸಂಸ್ಥಾನದ ನೆಲದಲ್ಲಿ, ಗಾಂಧಿಯ ಹೆಸರಿನಲ್ಲಿ! ಔಂಧ್‌ನ ಬಗ್ಗೆ ಮೆಚ್ಚಿ ಬರೆಯುವವರು ಈ ಪುಟವನ್ನು ಬೇಗ ಮಗುಚುತ್ತಾರೆ. ಹಳ್ಳಿ ತನ್ನನ್ನು ತಾನು ಆಳಿಕೊಳ್ಳಬಲ್ಲದು ಎಂದು ನಂಬಿದ ಫ್ರಿಡ್‌ಮನ್ ಮತ್ತು ಅಪ್ಪಾ, ಹಳ್ಳಿಯೊಳಗಿನ ಹಳೆಯ ಹಗೆಯನ್ನು ಕಡಿಮೆ ಅಂದಾಜು ಮಾಡಿದ್ದರು ಎಂದೇ ನನಗೆ ತೋರುತ್ತದೆ.

ಮಾರ್ಚ್ 8ಕ್ಕೆ ದಖ್ಖನದ ಸಂಸ್ಥಾನಗಳೊಡನೆ ಔಂಧ್ ಕೂಡ ಮುಂಬಯಿ ಪ್ರಾಂತದಲ್ಲಿ ಕರಗಿತು. ಸ್ವರಾಜ್ಯದ ಕಾಯಿದೆ ಹೋಗಿ ಮುಂಬಯಿಯ ಕಾಯಿದೆ ಬಂತು, ಪಂಚರ ಜಾಗಕ್ಕೆ ಮಾಮಲೇದಾರರು ಬಂದರು. ನಿಜಾಮನ ಸಂಪತ್ತು ಎಷ್ಟು, ಜುನಾಗಡದ ನವಾಬನ ನಾಯಿಗಳೆಷ್ಟು ಎಂದು ಚರ್ಚೆ ನಡೆಯುತ್ತಿದ್ದ ಕಾಲದಲ್ಲಿ, ಆಗಲೇ ಪ್ರಜೆಗಳ ಕೈಯಲ್ಲಿದ್ದ ಒಂದು ಸಂಸ್ಥಾನವನ್ನು ಬೇರೆಯಾಗಿ ನೋಡುವ ಪುರುಸೊತ್ತು ದಿಲ್ಲಿಯಲ್ಲಿ ಯಾರಿಗೂ ಇರಲಿಲ್ಲ. ಸ್ವತಂತ್ರಪುರವೊಂದನ್ನು ಮಾತ್ರ ಹೊಸ ಸರ್ಕಾರವೂ ಉಳಿಸಿಕೊಂಡಿತು.

ಅಪ್ಪಾ ಪಂತರನ್ನು ನೆಹರೂ ಅದೇ ವರ್ಷ ಪೂರ್ವ ಆಫ್ರಿಕಾಕ್ಕೆ ಭಾರತದ ಕಮಿಷನರಾಗಿ ಕಳಿಸಿದರು. ಸಾತವಳೇಕರರು ಗುಜರಾತಿನ ಪಾರಡಿಗೆ ಹೋದರು. ಬಾಳಾಸಾಹೇಬರು 1951ರಲ್ಲಿ ತೀರಿಕೊಂಡರು. ಫ್ರಿಡ್‌ಮನ್ ಮುಂಬಯಿಯಲ್ಲಿ ನೆಲೆಸಿ, ಬೀಡಿ ಅಂಗಡಿ ಇಟ್ಟುಕೊಂಡಿದ್ದ ನಿಸರ್ಗದತ್ತ ಮಹಾರಾಜರ ಮರಾಠಿ ಮಾತುಗಳನ್ನು ಇಂಗ್ಲಿಷಿಗೆ ಇಳಿಸಿದರು. 1973ರಲ್ಲಿ ಬಂದ ಆ ಪುಸ್ತಕ ದೇಶವಿದೇಶಗಳಲ್ಲಿ ಓದುಗರನ್ನು ಗಳಿಸಿತು. ನಿಸರ್ಗದತ್ತರು ಸೇರಿದ್ದ ಪರಂಪರೆಯ ಹೆಸರು ಇಂಚಗೇರಿ. ಅದು ವಿಜಯಪುರ ಜಿಲ್ಲೆಯ ಊರು, ಗುಣದಾಳವಿರುವ ಜಿಲ್ಲೆಯದ್ದೇ.

ಗುಣದಾಳ 1956ರಲ್ಲಿ ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಬಂತು. ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಔಂಧ್ ಪ್ರಯೋಗದ ಮೇಲೆ ಪುಸ್ತಕಗಳಿವೆ. ಇಂದಿರಾ ರೋಥರ್ಮುಂಡ್ ಅವರದ್ದು 1983ರಲ್ಲೇ ಬಂದಿದೆ. ಅವೆಲ್ಲ ಹೆಚ್ಚಾಗಿ ಔಂಧ್, ಅಟಪಾಡಿ, ಕುಂಡಲಗಳ ಸುತ್ತ ಸುಳಿಯುತ್ತವೆ. ಕನ್ನಡ ಮಾತಾಡುವ ಹಳ್ಳಿಗಳು ಆ ಒಂಬತ್ತು ವರ್ಷ ಮರಾಠಿ ರಾಜಧಾನಿಯ ಸ್ವರಾಜ್ಯವನ್ನು ಹೇಗೆ ನಡೆಸಿದವು, ಪಂಚರಾಗಿ ಯಾರು ಆರಿಸಿ ಬಂದರು, ಯಾವ ವ್ಯಾಜ್ಯ ತೀರಿಸಿದರು ಎಂಬುದನ್ನು ಕೆದಕಲು ವಿಜಯಪುರದ ಯಾರಾದರೂ ಸಂಶೋಧಕ ವಿದ್ಯಾರ್ಥಿ ಮನಸ್ಸು ಮಾಡಬೇಕು.

ನೋಡಬೇಕೆನ್ನುವವರಿಗೆ ದಾರಿ ಕಷ್ಟದ್ದಲ್ಲ. ಬೆಳಗಾವಿಯಿಂದ ಪುಣೆಗೆ ಹೋಗುವ ರೈಲು ಮೀರಜ್, ಸಾಂಗಲಿ ದಾಟಿ ಕಿರ್ಲೋಸ್ಕರವಾಡಿಯ ಮೇಲೇ ಹಾಯುತ್ತದೆ. ಇನ್ನೂ ಮುಂದೆ ರಹಿಮತಪುರದಿಂದ ಔಂಧ್‌ಗೆ ರಸ್ತೆಯಿದೆ. ಊರ ಪಕ್ಕದ ಗುಡ್ಡದ ಮೇಲೆ ಯಮಾಯಿಯ ಮೂಲಪೀಠ, ಗುಡ್ಡ ಹತ್ತುವ ದಾರಿಯಲ್ಲಿ ಬಾಳಾಸಾಹೇಬರು 1938ರಲ್ಲಿ ತೆರೆದ ವಸ್ತುಸಂಗ್ರಹಾಲಯ. ರವಿವರ್ಮನ ಮೂಲ ಚಿತ್ರಗಳು ಅಲ್ಲಿವೆ, ರಾಜರೇ ಬರೆದವೂ ಇವೆ. ಯಾವುದು ಯಾರದ್ದೆಂದು ಫಲಕ ಓದದೆಯೂ ಹೇಳಬಹುದು.